ಪೂನಮಳ ಹನ್ನೊಂದು ಕ್ಯಾನು

ಮದುವೆಯಾಗಿ ಭಾಲ್ಕಿಗೆ ಬಂದಾಗ ಮಹಾಮಾಯಾಳಿಗೆ ಮೂವತ್ತೇಳು ವರ್ಷ. ಅದಕ್ಕೆ ಮೊದಲು ಔರಾದಿನಲ್ಲಿ, ತಹಸೀಲ ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಕೂತು ಜನರ ಅರ್ಜಿ ಟೈಪು ಮಾಡಿದ್ದಳು. ಅಪ್ಪ ತೀರಿಕೊಂಡ ಮೇಲೆ ತಮ್ಮ ಅಶ್ವಜಿತನೇ ಓಡಾಡಿ ಈ ಸಂಬಂಧ ಹುಡುಕಿದ. ಗಂಡು ಕೈಲಾಶ ಬಸ್ ಡ್ರೈವರು. ಅವನ ಮೊದಲ ಹೆಂಡತಿ ಪೂನಮ ಜ್ವರದಿಂದ ತೀರಿಕೊಂಡು ಎರಡೂವರೆ ವರ್ಷ ಆಗಿತ್ತು. ಎಂಟನೆಯ ತರಗತಿಯ ಮಗಳು ವಿಶಾಖಾ, ವಯಸ್ಸಾದ ತಾಯಿ ಜಿಜಾಬಾಯಿ, ಇಷ್ಟೇ ಸಂಸಾರ. ಬುದ್ಧ ವಿಹಾರದಲ್ಲಿ ಭಂತೇಜಿ ತ್ರಿಶರಣ ಹೇಳಿಸಿ ಅರ್ಧ ತಾಸಿನಲ್ಲಿ ಮದುವೆ ಮುಗಿಸಿದರು. ಸಂಜೆ ಹೊಸ್ತಿಲು ದಾಟಿದ ಮಹಾಮಾಯಾಳಿಗೆ ವಿಶಾಖಾ ಒಂದು ಲೋಟ ನೀರು ತಂದುಕೊಟ್ಟು, "ಜೈ ಭೀಮ್ ರೀ" ಎಂದಳು. ಊರಿಂದ ಬಂದ ನೆಂಟರಿಗೆ ಹೇಳುವ ಹಾಗೆ. ಆಮೇಲೆ ಓದಲು ಹೋದಳು.

ಆ ಮನೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಜಗಳವಾಡಿದ್ದರೆ ಒಂದು ದಾರಿಯಾದರೂ ಇರುತ್ತಿತ್ತು ಎಂದು ಮಹಾಮಾಯಾಳಿಗೆ ಎಷ್ಟೋ ಸಲ ಅನ್ನಿಸಿತು. ಕೈಲಾಶ ಒಂದು ದಿನ ಡ್ಯೂಟಿಗೆ ಹೋದರೆ ಮರುದಿನ ಮಧ್ಯಾಹ್ನ ಬರುತ್ತಿದ್ದ. ಬಂದವನು ಉಂಡು ಮಲಗುತ್ತಿದ್ದ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಅತ್ತೆಯನ್ನು ಕೇಳಿದರೆ, "ಪೂನಮ ಮ್ಯಾಲಿನ ಫಳಿ ಮ್ಯಾಲ ಇಡತಿದ್ಳು ನೋಡು" ಎನ್ನುತ್ತಿದ್ದಳು. ಮಾತಿನಲ್ಲಿ ಚುಚ್ಚು ಇರಲಿಲ್ಲ. ಉಪ್ಪು ನಿಜವಾಗಿಯೂ ಅಲ್ಲಿಯೇ ಇತ್ತು. ಹಿಟ್ಟು, ಸೂಜಿ, ಛತ್ರಿ, ಹಳೆಯ ಬಟ್ಟೆಯ ಗಂಟು, ಎಲ್ಲವೂ ಪೂನಮ ಇಟ್ಟ ಜಾಗದಲ್ಲಿಯೇ ಇದ್ದವು. ಮಹಾಮಾಯಾ ಅವುಗಳ ನಡುವೆ ಮೈ ತಾಗದಂತೆ ಓಡಾಡುವುದನ್ನು ಕಲಿತಳು.

ವಿಶಾಖಾ ಅವಳನ್ನು ಏನೂ ಅಂತ ಕರೆಯುತ್ತಿರಲಿಲ್ಲ. ಎದುರು ಬಂದು ನಿಂತು, ಅವಳು ತಲೆ ಎತ್ತುವವರೆಗೆ ಕಾದು, "ಸಾಲಿಗಿ ಹೋಗ್ತೇನಿ ರೀ" ಎನ್ನುತ್ತಿದ್ದಳು. ಅಷ್ಟೇ.

ಮಾಳಿಗೆಗೆ ಹೋಗುವ ಮೆಟ್ಟಿಲಿನ ಕೆಳಗೆ ಒಂದು ಸಣ್ಣ ಖೋಲಿ ಇತ್ತು. ಮೇಲೆ ತಗಡು, ಕಿಟಕಿ ಇಲ್ಲ. ಅದರಲ್ಲಿ ಗೋಡೆಗೆ ಒರಗಿಸಿ ಇಪ್ಪತ್ತು ಲೀಟರಿನ ಹನ್ನೊಂದು ಕ್ಯಾನು ಸಾಲಾಗಿ ಇದ್ದವು. ಎಲ್ಲ ಕ್ಯಾನುಗಳಲ್ಲೂ ಕಂಠದವರೆಗೆ ನೀರು. ಒಂದೊಂದರ ಕೊರಳಿಗೂ ದವಾಖಾನೆಯ ಬಿಳಿ ಪಟ್ಟಿ ಅಂಟಿಸಿ ಪೆನ್ನಿನಿಂದ ತಾರೀಖು ಬರೆದಿತ್ತು.

"ಅವು ಪೂನಮನವು," ಎಂದಳು ಜಿಜಾಬಾಯಿ. ಪೂನಮ ಆಶಾ ಕಾರ್ಯಕರ್ತೆಯಾಗಿದ್ದಳು. ವಿಶಾಖಾ ಸಣ್ಣವಳಿದ್ದಾಗ ಒಂದು ಬೇಸಿಗೆ ಊರಿಗೆ ಊರೇ ಒಣಗಿ, ಪೂನಮ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಒಂದು ಕೊಡಕ್ಕಾಗಿ ಅರ್ಧ ದಿನ ಬಿಸಿಲಲ್ಲಿ ನಿಂತಿದ್ದಳಂತೆ. ಆಮೇಲೆ ಯಾವುದೋ ತರಬೇತಿಯಲ್ಲಿ ಹೇಳಿಕೊಟ್ಟರು: ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರು, ಕುಡಿಯಲು ಮತ್ತು ಅಡುಗೆಗೆ, ಎರಡು ವಾರಕ್ಕಾಗುವಷ್ಟು ಮನೆಯಲ್ಲಿ ತೆಗೆದಿಡಬೇಕು, ಆರು ತಿಂಗಳಿಗೊಮ್ಮೆ ಚೆಲ್ಲಿ, ತೊಳೆದು, ಹೊಸದಾಗಿ ತುಂಬಬೇಕು. ಪೂನಮ ನಾಲ್ಕು ಜನರ ಲೆಕ್ಕ ಹಾಕಿ ಹನ್ನೊಂದು ಕ್ಯಾನು ತಂದಳು. ಆರು ತಿಂಗಳಿಗೊಮ್ಮೆ ತಾಯಿ ಮಗಳು ಅಂಗಳದಲ್ಲಿ ಕೂತು ತೊಳೆಯುತ್ತಿದ್ದರು. ಮಗಳು ಲಾಳಿಕೆ ಹಿಡಿಯುತ್ತಿದ್ದಳು, ತಾಯಿ ಸುರಿಯುತ್ತಿದ್ದಳು. ಕೊನೆಯ ಸಲ ತುಂಬಿದ್ದು ಒಂದು ನವೆಂಬರಿನಲ್ಲಿ. ಆ ಜನವರಿಯಲ್ಲಿ ಪೂನಮ ಹೋದಳು. ಅದಾದ ಮೇಲೆ ಅವನ್ನು ಯಾರೂ ಮುಟ್ಟಿರಲಿಲ್ಲ.

ಆದರೆ ಜಿಜಾಬಾಯಿ ಇದನ್ನೆಲ್ಲ ಹೇಳಿದ್ದು ಆಮೇಲೆ. ಮೊದಲೇ ಹೇಳಿದ್ದರೆ ಮಹಾಮಾಯಾ ಅಕ್ಟೋಬರಿನಲ್ಲಿ ಆ ಕೆಲಸ ಮಾಡುತ್ತಿರಲಿಲ್ಲ.

ಧಮ್ಮಚಕ್ರ ದಿನಕ್ಕೆ ಮುಂಚೆ ಮನೆ ತೊಳೆಯುತ್ತಿದ್ದಳು. ಮೆಟ್ಟಿಲ ಕೆಳಗಿನ ಖೋಲಿಯ ಧೂಳು ಹೊಡೆಯುವಾಗ ಪಟ್ಟಿಯ ಮೇಲಿನ ತಾರೀಖು ಓದಿದಳು. ಸುಮಾರು ಮೂರು ವರ್ಷದ ನೀರು! ಒಂದು ಕ್ಯಾನನ್ನು ಅಂಗಳಕ್ಕೆ ಎಳೆದು ತಂದು, ಲಿಂಬೆ ಗಿಡದ ಬುಡಕ್ಕೆ ಸುರಿದಳು. ಪಟ್ಟಿ ಕಿತ್ತು ಕಸದಲ್ಲಿ ಹಾಕಿ ಕ್ಯಾನು ತಿಕ್ಕಿ ಬಿಸಿಲಿಗೆ ಬೋರಲು ಹಾಕಿದಳು. ಎರಡನೆಯದಕ್ಕೆ ಕೈ ಹಚ್ಚುವಾಗ ವಿಶಾಖಾ ಶಾಲೆಯಿಂದ ಬಂದಳು.

ಹುಡುಗಿ ಚೀಲವನ್ನೂ ಇಳಿಸಲಿಲ್ಲ. ಖೋಲಿಯ ಬಾಗಿಲಲ್ಲಿ ನಿಂತು ಬೆರಳು ಮಾಡಿ ಎಣಿಸಿದಳು.

"ಒಂದು ಎಲ್ಲಿ ರೀ?"

"ಭಾಳ ಹಳೇದಾಗಿತ್ತವ್ವ. ಗಿಡಕ್ಕ ಹಾಕಿದೆ. ಎಲ್ಲಾ ತೊಳದು ಹೊಸಾ ನೀರು ತುಂಬಿಡೋಣು."

ವಿಶಾಖಾ ಅಂಗಳಕ್ಕೆ ಹೋಗಿ ಕಸದ ಬುಟ್ಟಿಯಲ್ಲಿ ಕೈ ಹಾಕಿ, ಈರುಳ್ಳಿ ಸಿಪ್ಪೆಯ ನಡುವಿನಿಂದ ಪಟ್ಟಿಯನ್ನು ಹುಡುಕಿ ತೆಗೆದು, ಲಂಗಕ್ಕೆ ಒರೆಸಿ ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡಳು. ಆ ಸಂಜೆ ಅವಳು ಉಣ್ಣಲಿಲ್ಲ. ಮರುದಿನ ಖಾಲಿ ಕ್ಯಾನು ಅದರ ಜಾಗಕ್ಕೆ ಮರಳಿತ್ತು, ಖೋಲಿಯ ಚಿಲಕಕ್ಕೆ ಒಂದು ಸಣ್ಣ ಬೀಗ ಬಿದ್ದಿತ್ತು. ಕೀಲಿ ಅವಳ ಕಂಪಾಸ್ ಪೆಟ್ಟಿಗೆಯಲ್ಲಿ.

ಡ್ಯೂಟಿಯಿಂದ ಬಂದ ಕೈಲಾಶ ವಿಷಯ ಕೇಳಿ ಬಹಳ ಹೊತ್ತು ಬೂಟಿನ ದಾರ ಬಿಚ್ಚುತ್ತ ಕೂತ. "ಕೇಳಿ ಮಾಡಬೇಕಾಗಿತ್ತು," ಎಂದ.

"ಯಾರಿಗಿ ಕೇಳಬೇಕಿತ್ತು ರೀ? ನೀವು ಮನ್ಯಾಗ ಇರಲಿಲ್ಲ."

"ಆ ಖೋಲಿಯೊಳಗ ನಾನೂ ಹೋಗಂಗಿಲ್ಲ, ಮಾಯಾ," ಎಂದ ಅವನು, ಅವಳ ಕಡೆ ನೋಡದೆ.

ತನ್ನ ತಪ್ಪು ಎಷ್ಟು ದೊಡ್ಡದು ಎಂದು ಅವಳಿಗೆ ಆಗ ತಿಳಿಯಿತು. ಕ್ಷಮೆ ಕೇಳೋಣವೆಂದರೆ ಯಾರೂ ಸಿಟ್ಟಾಗಿರಲಿಲ್ಲ. ಎಲ್ಲರೂ ಸ್ವಲ್ಪ ದೂರ ಸರಿದಿದ್ದರು, ಅಷ್ಟೇ. ಮಧ್ಯಾಹ್ನಗಳಲ್ಲಿ ಅತ್ತೆ ನಿದ್ದೆ ಹೋದ ಮೇಲೆ ಮಹಾಮಾಯಾ ಅಡುಗೆ ಮನೆಯ ಕಟ್ಟೆಯ ಮೇಲೆ ಬೆರಳಿಟ್ಟು ಅರ್ಜಿ ಟೈಪು ಮಾಡುತ್ತಿದ್ದಳು. ಮಾನ್ಯರೇ, ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ. ಅದರ ಮುಂದೆ ಏನು ಬರೆಯಬೇಕೆಂದು ಹೊಳೆಯುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಅತ್ತೆಯ ಕಣ್ಣು ತೋರಿಸಲು ಬೀದರಿಗೆ ಕರೆದುಕೊಂಡು ಹೋದಳು. ಬರುವಾಗ ಗಾಂಧಿ ಗಂಜದ ಹಿಂದಿನ ಓಣಿಯಲ್ಲಿ ಒಂದು ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಕಂಡಿತು. ತೊಗರಿ ಚೀಲದ ಕೈಗಾಡಿಗಳ ನಡುವೆ ದಾರಿ ಮಾಡಿಕೊಂಡು ಹೋಗಿ, ಒಂದೊಂದೇ ಮುಚ್ಚಳ ತಿರುಗಿಸಿ, ಮೂಸಿ, ಆರು ಹೊಸ ಕ್ಯಾನು ಆರಿಸಿದಳು.

"ಮನ್ಯಾಗ ಅದಾವಲ್ಲ?" ಎಂದಳು ಜಿಜಾಬಾಯಿ. ಕಣ್ಣಿಗೆ ಹಾಕಿದ ಔಷಧಿಯಿಂದ ಅವಳಿಗೆ ಎಲ್ಲವೂ ಮಂಜಾಗಿ ಕಾಣುತ್ತಿತ್ತು.

"ಅವು ಅವರವು ಅತ್ತಿ."

ಭಾಲ್ಕಿ ಬರುವವರೆಗೆ ಜಿಜಾಬಾಯಿ ಬಸ್ಸಿನಲ್ಲಿ ಎರಡು ಕ್ಯಾನುಗಳನ್ನು ತನ್ನ ಕಾಲ ಬುಡದಲ್ಲಿ ಇಟ್ಟುಕೊಂಡು ಕೂತಳು.

ಆ ಆರನ್ನೂ ಮಹಾಮಾಯಾ ತೊಳೆದು ಒಣಗಿಸಿ, ನಳದಲ್ಲಿ ನೀರು ಬಂದ ದಿನ ಬಟ್ಟೆಯಲ್ಲಿ ಸೋಸಿ ತುಂಬಿ, ತನ್ನ ಮಂಚದ ಕೆಳಗೆ ಕತ್ತಲಲ್ಲಿ ಸರಿಸಿದಳು. ಎರಡು ತಿಂಗಳಾದ ಮೇಲೆ ಒಮ್ಮೆ ಬದಲಿಸಿದಳು. ಭಾಲ್ಕಿಯಲ್ಲಿ ಅವರ ಓಣಿಗೆ ಆರು ದಿನಕ್ಕೊಮ್ಮೆ ನಳ ಬರುತ್ತಿತ್ತು. ಒಮ್ಮೆ ತಪ್ಪಿದರೆ ಹನ್ನೆರಡು ದಿನ. ನೀರು ತೆಗೆದಿಡುವುದರಲ್ಲಿ ಅರ್ಥವಿತ್ತು. ಇನ್ನೊಂದು ಕಾರಣವನ್ನು ಅವಳು ಯಾರಿಗೂ ಹೇಳಲಿಲ್ಲ. ಆ ಮನೆಯಲ್ಲಿ ಅವಳೇ ಶುರು ಮಾಡಿದ ಕೆಲಸವೆಂದರೆ ಅದೊಂದೇ ಆಗಿತ್ತು.

ಮಾರ್ಚಿನ ಮೊದಲ ವಾರ, ಶುಕ್ರವಾರ, ನಳ ಬರಬೇಕಾದ ದಿನ ಬರಲಿಲ್ಲ. ರಸ್ತೆ ಅಗಲ ಮಾಡುವ ಯಂತ್ರ ಎಲ್ಲೋ ದೊಡ್ಡ ಪೈಪಿಗೆ ಹಲ್ಲು ಹಾಕಿದೆ, ಎರಡು ದಿನದಲ್ಲಿ ಸರಿಯಾಗುತ್ತದೆ ಎಂದರು. ಎರಡು ದಿನ ನಾಲ್ಕಾಯಿತು. ಮಂಗಳವಾರ ಮಾಳಿಗೆಯ ಟಾಕಿ ಬರಿದಾಯಿತು. ಓಣಿಯ ಮೂಲೆಯಲ್ಲಿ ಫಿಲ್ಟರ್ ನೀರು ಮಾರುತ್ತಿದ್ದವನ ಬೋರು ಬಿಡುವಿಲ್ಲದೆ ಓಡಿ ಕೈಕೊಟ್ಟು, ಅವನೂ ಷಟರ್ ಎಳೆದ. ಟ್ಯಾಂಕರು ಬರುತ್ತಿತ್ತು, ಆದರೆ ಆ ನೀರು ಕೆಂಪಗೆ, ಬಳಕೆಗೆ ಮಾತ್ರ. ಅದಕ್ಕೂ ಓಣಿಯ ಉದ್ದಕ್ಕೆ ಕೊಡಗಳ ಸಾಲು.

ಬುಧವಾರ ಬೆಳಗ್ಗೆ ಮಹಾಮಾಯಾ, ನನ್ನ ಹತ್ತಿರ ಆರು ಕ್ಯಾನು ಇವೆ, ಗಾಬರಿ ಬೇಡ ಎಂದು ಹೇಳಬೇಕೆಂದುಕೊಂಡು ಅಡುಗೆ ಮನೆಯಿಂದ ಹೊರಗೆ ಬಂದಳು. ಅಷ್ಟರಲ್ಲಿ ವಿಶಾಖಾ ಖೋಲಿಯ ಬೀಗ ತೆಗೆದು, ಒಂದು ಕ್ಯಾನನ್ನು ಎರಡೂ ಕೈಯಿಂದ ಎತ್ತಿಕೊಂಡು ಬಾಗುತ್ತ ಬರುತ್ತಿದ್ದಳು. ಅವಳ ಮುಖ ಹೊಳೆಯುತ್ತಿತ್ತು.

"ಅವ್ವ ಇದ್ರ ಸಲುವಾಗೇ ಇಟ್ಟಾಳ ರೀ," ಎಂದಳು. "ಎರಡು ವಾರ ಯಾರಿಗೂ ತ್ರಾಸ ಆಗಂಗಿಲ್ಲ ಅಂತ ಹೇಳಿದ್ಳು. ನಾಕು ಜನಕ್ಕ ಬರೋಬರಿ ಆಗ್ತದ. ನೀವು ಕಾಸಿ ಇಡ್ರಿ, ನಾ ಸಾಲಿಯಿಂದ ಬಂದು ಕುಡೀತೇನಿ."

ಕ್ಯಾನನ್ನು ಅಡುಗೆ ಕಟ್ಟೆಯ ಮೇಲೆ ಇಟ್ಟು, ಒಂದು ಕ್ಷಣ ಅಲ್ಲಿಯೇ ನಿಂತಳು. ಏಳು ತಿಂಗಳಲ್ಲಿ ಆ ಹುಡುಗಿ ತಾನಾಗಿ ಮಹಾಮಾಯಾಳ ಪಕ್ಕ ಬಂದು ನಿಂತದ್ದು ಅದೇ ಮೊದಲು.

ಅವಳು ಹೋದ ಮೇಲೆ ಮಹಾಮಾಯಾ ಮುಚ್ಚಳ ತೆಗೆದಳು. ಮೂರು ಬೇಸಿಗೆ ತಗಡಿನ ಕಾವು ತಿಂದ ಪ್ಲಾಸ್ಟಿಕ್ಕಿನ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಬೆಳಕಿಗೆ ಹಿಡಿದು ನೋಡಿದರೆ ತಳದಲ್ಲಿ ಹಸಿರು ಎಳೆಗಳು ತೇಲುತ್ತಿದ್ದವು. ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಕುದಿಸಿ, ಆರಿಸಿ, ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ನಾಲಿಗೆ ಒಪ್ಪಲಿಲ್ಲ, ಉಗುಳಿದಳು. ಎರಡನೆಯ ಕ್ಯಾನು ಇನ್ನೂ ಕೆಟ್ಟದಾಗಿತ್ತು. ಈ ನೀರನ್ನು ಮುದುಕಿಗೂ ಮಗುವಿಗೂ ಕುಡಿಸುವುದು ಅವಳಿಂದ ಸಾಧ್ಯವಿರಲಿಲ್ಲ.

ಸಂಜೆ ಹುಡುಗಿ ಬಂದ ಕೂಡಲೇ ಹೇಳಬಹುದಿತ್ತು. ನಿನ್ನ ಅವ್ವನ ನೀರು ಕೆಟ್ಟಿದೆ. ಆ ಮಾತನ್ನು ಮನಸ್ಸಿನಲ್ಲೇ ನಾಲ್ಕು ಬಗೆಯಲ್ಲಿ ಆಡಿ ನೋಡಿದಳು. ಹೇಗೆ ಆಡಿದರೂ ಅದು ಅಕ್ಟೋಬರಿನ ಆ ಮಧ್ಯಾಹ್ನಕ್ಕೇ ಹೋಗಿ ನಿಲ್ಲುತ್ತಿತ್ತು.

ಮಂಚದ ಕೆಳಗಿನಿಂದ ತನ್ನ ಒಂದು ಕ್ಯಾನು ಎಳೆದಳು. ಅದರ ನೀರು ಕಾಸಿ, ಕುಡಿಯುವ ತಾಮ್ರದ ಕೊಡಕ್ಕೆ ಹಾಕಿದಳು. ಪೂನಮಳ ನೀರನ್ನು ಬಕೆಟ್ಟಿಗೆ ಸುರಿದು ಪಾತ್ರೆ ತೊಳೆದಳು. ಉಳಿದದ್ದರಲ್ಲಿ ವಿಶಾಖಾಳ ಸಮವಸ್ತ್ರ ಹಿಂಡಿದಳು. ಖಾಲಿ ಕ್ಯಾನನ್ನು, ಪಟ್ಟಿ ಕೀಳದೆ, ಖೋಲಿಯಲ್ಲಿ ಅದರ ಜಾಗಕ್ಕೇ ಇಟ್ಟಳು.

ಸಂಜೆ ವಿಶಾಖಾ ಒಂದು ಲೋಟ ಗಟಗಟ ಕುಡಿದು ಬಾಯಿ ಒರೆಸಿಕೊಂಡಳು. "ಆಯೀ, ನೋಡು, ಮೂರು ವರ್ಷ ಆದ್ರೂ ಅವ್ವನ ನೀರು ಕೆಟ್ಟಿಲ್ಲ! ಎಷ್ಟು ಛಲೋ ಅದ!" ಎಂದು ಅಜ್ಜಿಗೂ ಒಂದು ಲೋಟ ಕೊಟ್ಟಳು.

ಮರುದಿನ ಕೈಲಾಶ ಬಂದಾಗ ಅವನಿಗೂ ಕೊಟ್ಟಳು. "ಪಪ್ಪಾ, ಇದು ಅವ್ವ ಇಟ್ಟಿದ್ದ ನೀರು."

ಕೈಲಾಶ ಲೋಟ ಹಿಡಿದು ನಿಧಾನವಾಗಿ, ಒಂದೊಂದೇ ಗುಟುಕು, ಪೂರ್ತಿ ಕುಡಿದ. ಕಣ್ಣು ತುಂಬಿದವು. ಲೋಟವನ್ನು ನೆಲದ ಮೇಲೆ ಇಟ್ಟು ಅಂಗಳಕ್ಕೆ ಹೋಗಿ, ಲಿಂಬೆ ಗಿಡದ ಹತ್ತಿರ ಬೆನ್ನು ತಿರುಗಿಸಿ ನಿಂತ.

ಅಡುಗೆ ಮನೆಯ ಬಾಗಿಲಲ್ಲಿ ರೊಟ್ಟಿಯ ಹಿಟ್ಟು ಹತ್ತಿದ ಕೈ ಹಿಡಿದುಕೊಂಡು ಮಹಾಮಾಯಾ ನೋಡುತ್ತಿದ್ದಳು. ಅದು ತಾನು ಸೋಸಿದ ನೀರು, ತಾನು ಕಾಸಿದ ನೀರು. ತನ್ನ ಮಂಚದ ಕೆಳಗಿನದು. ಮದುವೆಯಾದ ಮೇಲೆ ಅವನು ತನ್ನೆದುರು ಅತ್ತದ್ದು ಅದೇ ಮೊದಲು, ಅದೂ ಪೂನಮಳಿಗಾಗಿ. ಹೊಟ್ಟೆಕಿಚ್ಚು ಎಂದು ಕರೆಯಲು ಅದು ಹೊಟ್ಟೆಕಿಚ್ಚಲ್ಲ. ತುಂಬಿದ ಮನೆಯ ಹೊರಗೆ ನಿಂತು ಕಿಟಕಿಯಿಂದ ಒಳಗೆ ನೋಡಿದ ಹಾಗೆ ಇತ್ತು. ಒಳಗೆ ಹೋಗಿ ರೊಟ್ಟಿ ಬಡಿಯಲು ಕೂತಳು. ಆ ದಿನ ರೊಟ್ಟಿಗಳು ದಪ್ಪಗಾದವು.

ಹೀಗೆ ನಾಲ್ಕು ದಿನ ನಡೆಯಿತು. ದಿನಕ್ಕೊಂದು ಕ್ಯಾನು ಅವಳದು, ಒಂದು ಪೂನಮಳದು. ಶನಿವಾರ ಮಧ್ಯಾಹ್ನ ಅವಳು ಜಿಜಾಬಾಯಿಯ ತಲೆಗೆ ನೀರು ಹಾಕುತ್ತಿದ್ದಾಗ ಮುದುಕಿ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಮಂಚದ ಕೆಳಗಿನವು ಎಷ್ಟು ಉಳದಾವ?"

ಮಹಾಮಾಯಾಳ ಕೈಯಲ್ಲಿನ ತಂಬಿಗೆ ನಿಂತಿತು. "ಎರಡು, ಅತ್ತಿ."

"ಹೂಂ," ಎಂದಳು ಜಿಜಾಬಾಯಿ. "ಬೆನ್ನಿಗಿ ಜರಾ ಹಾಕು."

ರವಿವಾರ ಬೆಳಗ್ಗೆ ಹತ್ತಕ್ಕೆ ಟ್ಯಾಂಕರು ಬಂತು. ಮಹಾಮಾಯಾ ಕೊಡ ತೆಗೆದುಕೊಂಡು ಸಾಲಿನಲ್ಲಿ ನಿಂತಳು. ಮನೆಯಲ್ಲಿ ವಿಶಾಖಾ ಮತ್ತು ಅಜ್ಜಿ. ಅವಳು ತುಂಬಿದ ಕೊಡವನ್ನು ಸೊಂಟಕ್ಕಿಟ್ಟು ಬರುವಾಗ ಪಕ್ಕದ ಮನೆಯ ಇರಮ ತನ್ನ ಬಾಗಿಲಲ್ಲಿ ಕೂತಿದ್ದಳು. ಅವಳ ಗಂಡ ಇಮ್ರಾನ ಕೆಲಸಕ್ಕೆಂದು ಹೈದರಾಬಾದಿಗೆ ಹೋದವನು ಇನ್ನೂ ಬಂದಿರಲಿಲ್ಲ. ತೊಡೆಯ ಮೇಲೆ ಎರಡು ವರ್ಷದ ಮಗಳು, ನಿನ್ನೆಯಿಂದ ವಾಂತಿ ಭೇದಿಯಾಗಿ ಕಣ್ಣು ಗುಳಿ ಬಿದ್ದಿದ್ದವು. ಇರಮ ತಂಬಿಗೆಯಲ್ಲಿ ದವಾಖಾನೆಯ ಪುಡಿ ಸುರಿದು ಚಮಚದಿಂದ ತಿರುವುತ್ತಿದ್ದಳು.

"ಹ್ಯಾಂಗದ ಕೂಸು?"

"ಡಾಕ್ಟರ್ ಸಾಬರು ಘಡಿ ಘಡಿ ಇದು ಕುಡಿಸು ಅಂದಾರ ಭಾಬಿ. ಮನ್ಯಾಗ ಪಾನೀ ಹನಿ ಇರಲಿಲ್ಲ. ನಿಮ್ಮ ವಿಶಾಖಾ ಕೊಟ್ಳು. ಅವರ ಅಮ್ಮಿ ಇಟ್ಟಿದ್ದ ಪಾನೀ ಅಂತ, ಖೋಲಿಯಿಂದ ತಂದು ಕೊಟ್ಳು. ಅಲ್ಲಾ ಆಕಿಗಿ ಛಲೋ ಇಡಲಿ."

ಚಮಚ ಮಗುವಿನ ತುಟಿಯ ಹತ್ತಿರ ಹೋಗಿತ್ತು. ಮಹಾಮಾಯಾ ಕೊಡವನ್ನು ನೆಲಕ್ಕೆ ಬಿಟ್ಟಳೋ ಇಟ್ಟಳೋ, ಅರ್ಧ ನೀರು ಚೆಲ್ಲಿತು. ಬಗ್ಗಿ ಇರಮಳ ಕೈಯಿಂದ ಚಮಚ ಕಿತ್ತುಕೊಂಡಳು, ತಂಬಿಗೆಯನ್ನೂ.

"ಇದು ಬ್ಯಾಡ. ಕುಡಿಸಬ್ಯಾಡ. ಒಂದ್ ನಿಮಿಷ ತಡಿ, ಬ್ಯಾರೆ ತರ್ತೇನಿ."

"ಯಾಕ ಬ್ಯಾಡ ರೀ?" ಹಿಂದಿನಿಂದ ವಿಶಾಖಾಳ ಧ್ವನಿ ಬಂತು. ಅವಳು ತಮ್ಮ ಮನೆಯ ಹೊಸ್ತಿಲಲ್ಲಿ ನಿಂತಿದ್ದಳು. "ನಾವು ನಾಕು ದಿನದಿಂದ ಕುಡೀಲಕತ್ತೀವಲ್ಲ? ನಮಗೇನಾಗೇದ?"

ಓಣಿಯಲ್ಲಿ ಕೊಡ ಹೊತ್ತು ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತರು. ಮಹಾಮಾಯಾ ಹುಡುಗಿಯ ಹತ್ತಿರ ಹೋಗಿ, ಆದಷ್ಟು ಮೆಲ್ಲಗೆ ಹೇಳಿದಳು.

"ನೀವು ಕುಡದದ್ದು ಇದಲ್ಲವ್ವ. ಅದು ನನ್ನ ಕ್ಯಾನಿಂದು. ಇದು ಕೆಟ್ಟದ."

ವಿಶಾಖಾಳ ಮುಂದೆ ನಿಲ್ಲಲು ಪುರುಸೊತ್ತಿರಲಿಲ್ಲ. ಮಹಾಮಾಯಾ ಒಳಗೆ ಓಡಿ, ಕಾಸಿ ಆರಿಸಿದ್ದ ನೀರು ತಂದು, ಇರಮಳ ಹತ್ತಿರ ಉಳಿದಿದ್ದ ಪುಡಿ ಕಲಸಿ ಮಗುವಿಗೆ ತಾನೇ ಚಮಚ ಚಮಚ ಕುಡಿಸಿದಳು. ಆಮೇಲೆ ಮಂಚದ ಕೆಳಗಿನ ಎರಡರಲ್ಲಿ ಒಂದು ಕ್ಯಾನನ್ನು ಎತ್ತಿಕೊಂಡು ಹೋಗಿ ಇರಮಳ ಅಡುಗೆ ಮನೆಯಲ್ಲಿ ಇಟ್ಟು ಬಂದಳು. "ಕಾಸಿ ಕೊಡು," ಎಂದಳು. ಮಗು ಎರಡು ತಾಸಿನ ಮೇಲೆ ಉಚ್ಚೆ ಹೊಯ್ದು ಅತ್ತಾಗ ಇರಮಳೂ ಅತ್ತಳು.

ಮಹಾಮಾಯಾ ಮನೆಗೆ ಬಂದಾಗ ವಿಶಾಖಾ ಮೆಟ್ಟಿಲ ಕೆಳಗಿನ ಖೋಲಿಯಲ್ಲಿ ಇದ್ದಳು. ಉಳಿದ ಕ್ಯಾನುಗಳ ಮುಚ್ಚಳವನ್ನೆಲ್ಲ ತೆಗೆದು, ಒಂದೊಂದಕ್ಕೂ ಮೂಗು ಹಿಡಿದು ನೋಡಿದ್ದಳು. ಎಲ್ಲ ಮುಚ್ಚಳಗಳು ಅವಳ ಮಡಿಲಲ್ಲಿ ಇದ್ದವು.

"ಸುಳ್ಳು ಹೇಳಿದ್ರಿ," ಎಂದಳು.

"ಹೂಂ."

"ಪಪ್ಪಾ ಅತ್ತರು."

"ನೋಡಿದೆ."

"ಆಗರ ಹೇಳಬೇಕಿತ್ತು."

"ಆಗ ಹ್ಯಾಂಗ ಹೇಳ್ಲಿ, ವಿಶಾಖಾ?"

ಹುಡುಗಿ ಮುಚ್ಚಳಗಳನ್ನು ಕೈಯಲ್ಲಿ ತಿರುಗಿಸುತ್ತ ಕೂತಳು. "ಹಂಗಾರ ಅವ್ವನ ನೀರು ಎಲ್ಲಿ ಚೆಲ್ಲಿದ್ರಿ?" ಎಂದು ಕೇಳಿದಳು.

"ಚೆಲ್ಲಿಲ್ಲ. ಪಾತ್ರಿ ತೊಳದೆ. ನಿನ್ನ ಅಂಗಿ ಒಗದೆ. ನಿನ್ನೆ ಆಯಿಗಿ ಎರದೆ. ಒಂದು ತಂಬಿಗಿನೂ ಸುಮ್ಮನ ಹಾಕಿಲ್ಲ."

ವಿಶಾಖಾ ತಲೆ ಬಗ್ಗಿಸಿ ತಾನು ಹಾಕಿಕೊಂಡಿದ್ದ ಅಂಗಿಯ ತೋಳು ನೋಡಿದಳು. ಆಮೇಲೆ ಎದ್ದು ಹೋಗಿ ಅಜ್ಜಿಯ ಪಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಜಿಜಾಬಾಯಿ ಒಂದು ಕೈಯನ್ನು ಅವಳ ತಲೆಯ ಮೇಲಿಟ್ಟು, ಇನ್ನೊಂದು ಕೈಯಿಂದ ಮಹಾಮಾಯಾಳಿಗೆ ಹೋಗು, ಉಣ್ಣು ಎಂದು ಸನ್ನೆ ಮಾಡಿದಳು.

ಸೋಮವಾರ ಮಧ್ಯಾಹ್ನ ಕೈಲಾಶನಿಗೆ ವಿಶಾಖಾಳೇ ಎಲ್ಲ ಹೇಳಿದಳು. ಒಂದನ್ನೂ ಬಿಡದೆ, ಒಂದನ್ನೂ ಸೇರಿಸದೆ ಹೇಳಿದಳು. ಮಹಾಮಾಯಾ ಅಡುಗೆ ಮನೆಯಲ್ಲಿ ಕಾದಳು. ಅವನು ಬಂದು ಬಾಗಿಲಿಗೆ ಒರಗಿ ನಿಂತ.

"ಹೇಳಬೇಕಾಗಿತ್ತು," ಎಂದ.

"ಹೂಂ ರೀ."

ಮರುದಿನ ಬೆಳಗ್ಗೆ ಡ್ಯೂಟಿಗೆ ಹೊರಡುವಾಗ, ದಿನಾ ಡಿಪೋದಲ್ಲಿ ತುಂಬಿಕೊಳ್ಳುತ್ತಿದ್ದ ನೀರಿನ ಬಾಟಲಿಯನ್ನು ಅವಳ ಕಡೆ ಚಾಚಿದ. ಅವಳು ತುಂಬಿ ಕೊಟ್ಟಳು.

ಆ ಮಂಗಳವಾರವೇ ನಳ ಬಂತು. ಓಣಿಯಲ್ಲೆಲ್ಲ ಕೊಡಗಳ ಸದ್ದು, ಕೂಗಾಟ. ಮೊದಲ ಅರ್ಧ ತಾಸು ಕೆಸರು ನೀರು ಹೋಗಲು ಬಿಟ್ಟು ಎಲ್ಲರೂ ತುಂಬಿಕೊಂಡರು. ಮಹಾಮಾಯಾಳ ಮನೆಯಲ್ಲಿ ಅದರಿಂದ ಬೇರೇನೂ ಬದಲಾಗಲಿಲ್ಲ. ವಿಶಾಖಾ ಪರೀಕ್ಷೆಗೆ ಹೋಗಿ ಬಂದಳು, ಎದುರು ನಿಂತು ಕಾದು, "ಹೋಗ್ತೇನಿ ರೀ," "ಬಂದೆ ರೀ" ಎಂದಳು. ಖೋಲಿಗೆ ಬೀಗ ಹಾಕಲಿಲ್ಲ. ಆದರೆ ಒಳಗೂ ಹೋಗಲಿಲ್ಲ. ಮಹಾಮಾಯಾ ಆ ಬಾಗಿಲನ್ನು ದಾಟಿ ಹೋಗುವಾಗ ಕಣ್ಣು ತಗ್ಗಿಸಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಔರಾದಿಗೆ ಫೋನು ಮಾಡಿದಳು. ಅಶ್ವಜಿತ, "ಎಲ್ಲಾ ಆರಾಮ ಏನಕ್ಕಾ?" ಎಂದ. "ಆರಾಮಪ್ಪ," ಎಂದಳು. ಅವನ ಹಿಂದೆ ಮಕ್ಕಳ ಗದ್ದಲ ಕೇಳಿಸುತ್ತಿತ್ತು. ಫೋನು ಇಟ್ಟ ಮೇಲೆ ಅದು ಇನ್ನೂ ಸ್ವಲ್ಪ ಹೊತ್ತು ಕಿವಿಯಲ್ಲಿ ಇತ್ತು.

ಪರೀಕ್ಷೆ ಮುಗಿದ ಮರುದಿನ ಬೆಳಗ್ಗೆ ಅಂಗಳದಲ್ಲಿ ಏನೋ ಎಳೆಯುವ ಸದ್ದಾಯಿತು. ವಿಶಾಖಾ ಕ್ಯಾನುಗಳನ್ನು ಒಂದೊಂದಾಗಿ ಹೊರಗೆ ತಂದು ಸಾಲಾಗಿ ಇಡುತ್ತಿದ್ದಳು. ಪಟ್ಟಿಗಳನ್ನು ಉಗುರಿನಿಂದ ಹುಷಾರಾಗಿ ಬಿಡಿಸಿ ನೋಟ್‌ಬುಕ್ಕಿಗೆ ಅಂಟಿಸಿದಳು. ಮಹಾಮಾಯಾ ಬಾಗಿಲಲ್ಲೇ ನಿಂತಳು. ಕರೆಯದೆ ಹೋಗುವ ಧೈರ್ಯ ಅವಳಿಗಿರಲಿಲ್ಲ.

"ಒಳಗಿನ ಹಸರು ಹ್ಯಾಂಗ ತೆಗೀಬೇಕ್ರಿ?" ಎಂದಳು ಹುಡುಗಿ, ತಲೆ ಎತ್ತದೆ.

"ಉಪ್ಪು, ದಪ್ಪ ಉಸುಕು, ಜರಾ ನೀರು ಹಾಕಿ ಝಾಡಿಸಿ ಅಲ್ಲಾಡಿಸು. ಆಮ್ಯಾಲ ಬ್ಲೀಚಿಂಗ ನೀರಿನಾಗ ಅರ್ಧ ತಾಸು ಇಡು. ಆದ್ರ ಭಾಳ ಹಳೇವು ಗೆರಿ ಬಿದ್ದಾವ, ಅವು ಬ್ಯಾಡ. ಗೆರಿಯೊಳಗ ಹೊಲಸು ಕೂಡ್ತದ."

ಐದು ಕ್ಯಾನು ಉಳಿದವು, ಆರು ಹೋದವು. ಹೋಗುವವನ್ನು ಬೇರೆ ಇಡುವಾಗ ವಿಶಾಖಾ ಒಂದೊಂದನ್ನೂ ಒಮ್ಮೆ ಕೈಯಿಂದ ಸವರಿ ಇಟ್ಟಳು. ಮಹಾಮಾಯಾ ಒಂದು ತುದಿಯಲ್ಲಿ, ಅವಳು ಒಂದು ತುದಿಯಲ್ಲಿ ಕೂತು ತಿಕ್ಕತೊಡಗಿದರು. ನಡುವೆ ಎರಡು ಮೊಳ ಜಾಗ.

"ನಿಮಗ ನೀರಿಂದು ಇಷ್ಟೆಲ್ಲಾ ಹ್ಯಾಂಗ ಗೊತ್ತು ರೀ?"

ಆ ಮನೆಗೆ ಬಂದಂದಿನಿಂದ ಅವಳನ್ನು ಅವಳ ಬಗ್ಗೆ ಯಾರೂ ಏನೂ ಕೇಳಿರಲಿಲ್ಲ. ಮಹಾಮಾಯಾ ಕೈಯಲ್ಲಿದ್ದ ಕ್ಯಾನನ್ನು ಪಕ್ಕಕ್ಕೆ ಇಟ್ಟಳು.

"ನಮ್ಮಪ್ಪ ಔರಾದ ದವಾಖಾನ್ಯಾಗ ಇದ್ದ," ಎಂದಳು. "ಸುತ್ತಲಿನ ಹಳ್ಳಿ ಬಾವಿಗಿ ಬ್ಲೀಚಿಂಗ ಪುಡಿ ಹಾಕೋ ಕೆಲಸ. ಸೈಕಲ್ಲಿಗಿ ಚೀಲ ಕಟ್ಟಿಕೊಂಡು ಹೋಗ್ತಿದ್ದ. ಸಾಲಿ ಸೂಟಿ ಇದ್ದಾಗ ನಾನೂ ಹಿಂದ ಕೂಡ್ತಿದ್ದೆ. ಆತನ ಅಂಗಿ ಎಷ್ಟು ಒಗದ್ರೂ ಅದೇ ವಾಸನಿ."

"ಮತ್ತ?"

"ಒಂದು ಊರಾಗ ಬಾವಿ ಹತ್ರ ಬಿಡ್ತಿರಲಿಲ್ಲ. ಸರ್ಕಾರದ ಮನಷ್ಯಾ ಖರೇ, ಆದ್ರ ನಿಮ್ಮ ಮಂದಿ ಬಾವಿ ಮುಟ್ಟಬಾರದು ಅಂತಿದ್ರು. ದೂರ ನಿಂದರಿಸಿ, ಪುಡಿ ಇಸಗೊಂಡು ತಾವೇ ಹಾಕ್ತಿದ್ರು. ಎಷ್ಟು ಹಾಕಬೇಕು, ಹ್ಯಾಂಗ ಕಲಸಬೇಕು ಅಂತ ಅಪ್ಪ ಬೇವಿನ ಗಿಡದ ಕೆಳಗ ನಿಂತು ಒದರಿ ಹೇಳ್ತಿದ್ದ."

ಅಷ್ಟರಲ್ಲಿ ಹೊರಗೆ ವಿಶಾಖಾಳ ಗೆಳತಿ ಕೂಗಿದಳು. ಹುಡುಗಿ ಕೈ ತೊಳೆದು ಓಡಿದಳು. ಉಳಿದದ್ದನ್ನು ಮಹಾಮಾಯಾ ಒಬ್ಬಳೇ ತಿಕ್ಕಿ, ಬಿಸಿಲಿಗೆ ಇಟ್ಟಳು. ಸಂಜೆ ವಿಶಾಖಾ ಆ ಮಾತು ಎತ್ತಲಿಲ್ಲ, ಮರುದಿನವೂ ಇಲ್ಲ. ಮರೆತಿದ್ದಾಳೆ, ಮಕ್ಕಳು ಮರೆಯುತ್ತಾರೆ ಎಂದು ಮಹಾಮಾಯಾ ಅಂದುಕೊಂಡಳು.

ಮುಂದಿನ ಸಲ ನಳ ಬಂದ ದಿನ ವಿಶಾಖಾ ಲಾಳಿಕೆ ತಂದು ಅವಳ ಮುಂದೆ ಕೂತಳು. ಮಹಾಮಾಯಾ ಸುರಿದಳು. ಮೂರು ಕ್ಯಾನು ತುಂಬಿದವು. ನಾಲ್ಕನೆಯದು ಅರ್ಧವಾದಾಗ ಹುಡುಗಿ ಕೇಳಿದಳು.

"ನಿಮ್ಮಪ್ಪ ಆ ಊರಿಗಿ ಮತ್ತ ಹೋದ್ರೇನು?"

"ಹೋದ. ಹದಿನೈದು ದಿನಕ್ಕೊಮ್ಮಿ, ನೌಕರಿ ಮುಗಿಯೋ ತನಕ."

ವಿಶಾಖಾ ಹುಬ್ಬು ಗಂಟಿಕ್ಕಿದಳು. "ನಾ ಆಗಿದ್ರ ಹೋಗ್ತಿರಲಿಲ್ಲ."

"ನಾನೂ ಹಂಗೇ ಅಂದಿದ್ದೆ."

"ಅದಕ್ಕ ಅವ್ರು ಏನಂದ್ರು?"

"ಆ ಊರಾಗ ಸಣ್ಣ ಮಕ್ಕಳು ಭಾಳ ಅದಾವ ಅಂದ."

ಹುಡುಗಿ ಅದನ್ನು ಕೇಳಿಸಿಕೊಂಡಳೋ ಇಲ್ಲವೋ, ತುಂಬಿದ ನಾಲ್ಕನೆಯದರಿಂದ ಲಾಳಿಕೆ ತೆಗೆದು ಐದನೆಯ ಕ್ಯಾನಿನ ಬಾಯಿಗೆ ಇಟ್ಟು, "ಹಾಕ್ರಿ" ಎಂದಳು.